ಕಿಟಕಿಗೆ ಕಟ್ಟಿದ ಶಾಲು

ಜೂನ್ ೪

ಗುಬ್ಬಿ,

ಮೊನ್ನೆ ಅಳಿಯಂದಿರು ಫೋನ್ ಮಾಡಿದ್ದರು. ನನಗೆ ಕೇಳಿದ್ದು ಬರೀ ಬುಸ್ ಎನ್ನುವ ಸದ್ದು. ಊಟ ಆಯ್ತಾ ಎಂದು ಕೇಳುತ್ತಿರಬಹುದು ಎಂದುಕೊಂಡು, "ಆಯ್ತು, ಆಯ್ತು, ಈಗ ತಾನೇ" ಎಂದೆ. ಪಕ್ಕದಲ್ಲಿದ್ದ, ಮಗ್ಗಗಳಿಗೆ ಎಣ್ಣೆ ಬಿಡುವ ನಮ್ಮ ಡಬ್ಬಿಯಣ್ಣ ಫೋನ್ ಕಿತ್ತುಕೊಂಡು ತಾನೇ ಮಾತಾಡಿದ. ಆಮೇಲೆ ನನ್ನ ಮುಖದ ಹತ್ತಿರ ಮುಖ ತಂದು, ತುಟಿ ಬಿಡಿಸಿ ಬಿಡಿಸಿ ಹೇಳಿದ: "ನಿನ್ ಮಗಳಿಗೆ ಬಸಿರು ನಿಲ್ಲಲಿ ಅಂತ ಡಾಕ್ಟ್ರು ಹೊಲಿಗೆ ಹಾಕಿದ್ದಾರಂತೆ. ಹೆರಿಗೆ ಆಗೋವರೆಗೂ ಹಾಸಿಗೆ ಬಿಟ್ಟು ಏಳಬಾರದಂತೆ. ನೀನು ನೋಡಿದ್ರೆ ಊಟ ಆಯ್ತು ಅಂತೀಯ."

ಹಾಗಾಗಿ ಇನ್ನು ಮೇಲೆ ಕಾಗದವೇ. ಗಿರಣಿಯ ಮಗ್ಗಗಳು ನನ್ನ ಕಿವಿ ತಿಂದು ಹಾಕಿದವು, ಕಣ್ಣಿಗೆ ಏನೂ ಆಗಿಲ್ಲ. ಮಲಗಿಕೊಂಡೇ ಬರೆ, ಅಕ್ಷರ ಸೊಟ್ಟಗಿದ್ದರೂ ಓದಿಕೊಳ್ಳುತ್ತೇನೆ.

ಇನ್ನೊಂದು ವಿಷಯ. ನಗಬಾರದು. ನಾನು ಪ್ರಾರ್ಥನಾ ಮಂದಿರಕ್ಕೆ ಹೋಗುತ್ತಿದ್ದೇನೆ. ನಿಮ್ಮಮ್ಮನನ್ನು ಬಾಗಿಲವರೆಗೆ ಬಿಟ್ಟು ವಾಪಸ್ ಬರುತ್ತಿದ್ದವನು ಈಗ ಬೆಳಿಗ್ಗೆ ಪಾಳಿಗೆ ಮುಂಚೆ ಅವಳು ಕೂರುತ್ತಿದ್ದ ಕಂಬದ ಪಕ್ಕ ಹೋಗಿ ಕೂರುತ್ತೇನೆ. ಕಣ್ಣು ಮುಚ್ಚುವ ಮುಂಚೆ ಅವಳು ನನ್ನನ್ನು ಕೇಳಿದ್ದು ಅದೊಂದೇ. "ಮಗಳಿಗೋಸ್ಕರ ಕೇಳ್ಕೊಳ್ಳೋದು ನಿಲ್ಲಿಸ್ಬೇಡಿ" ಎಂದಳು. ಹೇಗೆ ಕೇಳಿಕೊಳ್ಳಬೇಕು ಎಂದು ಮಾತ್ರ ಹೇಳಿಕೊಡಲಿಲ್ಲ. ಅಲ್ಲಿನ ಹಾಡೂ ನನಗೆ ಕೇಳಿಸುವುದಿಲ್ಲ, ಮಾತೂ ಕೇಳಿಸುವುದಿಲ್ಲ. ಎಲ್ಲರೂ ಎದ್ದಾಗ ಏಳುತ್ತೇನೆ, ಕೂತಾಗ ಕೂರುತ್ತೇನೆ.

ಕೊನೆಗೆ ನನಗೆ ಗೊತ್ತಿರುವ ರೀತಿಯನ್ನೇ ಹಿಡಿದಿದ್ದೇನೆ. ಶೆಡ್ಡಿನಲ್ಲಿ ಮಗ್ಗ ಕೆಟ್ಟರೆ ಯಾರೂ ಕೂಗುವುದಿಲ್ಲ, ಕೂಗಿದರೂ ಆ ಗದ್ದಲದಲ್ಲಿ ಕೇಳುವುದಿಲ್ಲ. ಮಗ್ಗದ ನೆತ್ತಿಯ ಮೇಲಿನ ಕೋಲಿಗೆ ಒಂದು ಕೆಂಪು ಬಟ್ಟೆ ಕಟ್ಟಿ ಪಕ್ಕದಲ್ಲಿ ನಿಲ್ಲುತ್ತಾರೆ. ರಿಪೇರಿ ಮೇಸ್ತ್ರಿಗೆ, ಅಂದರೆ ನನಗೆ, ಅದು ಶೆಡ್ಡಿನ ಯಾವ ಮೂಲೆಯಿಂದಲೂ ಕಾಣುತ್ತದೆ. ನಾನೂ ಹಾಗೇ ಕಂಬದ ಪಕ್ಕ ಕೂತು ಮನಸ್ಸಿನಲ್ಲೇ ಒಂದು ಕೆಂಪು ಬಟ್ಟೆ ಕಟ್ಟುತ್ತೇನೆ. ಇದು ನನ್ನ ಮಗಳದ್ದು, ಎರಡು ಸಲ ಕೈಕೊಟ್ಟಿದೆ, ಈ ಸಲ ನೀನೇ ಬಂದು ನೋಡು ಎನ್ನುತ್ತೇನೆ. ಅಷ್ಟೇ ನನ್ನ ಪ್ರಾರ್ಥನೆ.

ಹುಷಾರು. ಎದ್ದು ಓಡಾಡಬೇಡ.

ನಿನ್ನ ಅಪ್ಪ


ಜೂನ್ ೧೫

ಅಪ್ಪ,

ನೀವು ಮಂದಿರದಲ್ಲಿ ಕೂತಿರುವುದನ್ನು ನೆನೆಸಿಕೊಂಡು ನಕ್ಕೇಬಿಟ್ಟೆ. ಮೇಲ್ಮನೆಯ ಟೀಚರಮ್ಮ ಸೂಪು ತಂದವರು, "ನಿಧಾನ ಕಣೇ, ಹೊಲಿಗೆ ಬಿಟ್ಕೊಂಡೀತು" ಎಂದು ಗದರಿದರು. ಈಗ ನಗುವುದಕ್ಕೂ ಭಯ, ಕೆಮ್ಮುವುದಕ್ಕೂ ಭಯ.

ಇವರು ಮಂಚವನ್ನು ಕಿಟಕಿಗೆ ಅಂಟಿಸಿ ಹಾಕಿದ್ದಾರೆ. ಕೆಳಗೆ ರಸ್ತೆ. ಇವರು ಓಡಿಸುವ ಬಸ್ಸು ಇದೇ ರಸ್ತೆಯಲ್ಲಿ ಹೋಗುತ್ತದೆ. ತಿರುವಿನಲ್ಲಿ ನಿಧಾನ ಮಾಡಿ ತಲೆಯೆತ್ತಿ ನೋಡುತ್ತಾರೆ, ನಾನು ಕೈ ಆಡಿಸುತ್ತೇನೆ. ಬಸ್ಸಿನಲ್ಲಿರುವವರೂ ಈಗ ತಲೆಯೆತ್ತಿ ನೋಡಲು ಕಲಿತಿದ್ದಾರೆ. ಕನ್ನಡಕದ ಅಂಗಡಿಯ ಯಜಮಾನರು ನನ್ನ ಜಾಗಕ್ಕೆ ಯಾರನ್ನೂ ತೆಗೆದುಕೊಂಡಿಲ್ಲವಂತೆ. ಗಾಜು ಉಜ್ಜುವ ಕೈಗೆ ಕೆಲಸವಿಲ್ಲದೆ ಬೆರಳೆಲ್ಲ ಮೃದುವಾಗಿಬಿಟ್ಟಿವೆ.

ಒಂದು ಮಾತು ಕೇಳುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ. ಮೊದಲನೆಯದಕ್ಕೂ ಅಮ್ಮ ಬೇಡಿಕೊಂಡಿದ್ದಳು. ಎರಡನೆಯದಕ್ಕೂ ಬೇಡಿಕೊಂಡಿದ್ದಳು, ಮಂಡಿ ನೋವಿದ್ದರೂ ನೆಲದ ಮೇಲೆ ಕೂತು. ಅವಳ ಮಾತನ್ನೇ ಕೇಳದವನು ನಿಮ್ಮ ಮಾತು ಕೇಳುತ್ತಾನಾ? ನಾನೂ ಬಿಟ್ಟಿಲ್ಲ, ಇಲ್ಲಿ ಬಿದ್ದುಕೊಂಡು ಬೇರೆ ಏನು ಕೆಲಸ ನನಗೆ? ಬೇಡುತ್ತಲೇ ಇರುತ್ತೇನೆ. ಆದರೆ ಅವನಿಗೆ ಹೇಳಿಬಿಟ್ಟಿದ್ದೇನೆ. ಈ ಮಗುವನ್ನು ಉಳಿಸಿಕೊಡದಿದ್ದರೆ ನಿನಗೂ ನನಗೂ ಮುಗಿಯಿತು ಎಂದು.

ಮಗು ಒದೆಯುತ್ತದೆ ಅಪ್ಪ. ಇವರ ಬಸ್ಸು ಹಾರ್ನ್ ಹಾಕಿದಾಗ ಒಂದು ಸಲ, ಸೂಪು ಕುಡಿದ ಮೇಲೆ ಒಂದು ಸಲ.

ನಿಮ್ಮ ಶೆಡ್ಡಿನಲ್ಲಿ ಬಟ್ಟೆ ಕಟ್ಟಿದವರು ಎಷ್ಟು ಹೊತ್ತು ಕಾಯುತ್ತಾರೆ? ಮೇಸ್ತ್ರಿ ಅದನ್ನು ನೋಡಿದನೋ ಇಲ್ಲವೋ ಎಂದು ಅವರಿಗೆ ಗೊತ್ತಾಗುವುದು ಹೇಗೆ?

ನಿಮ್ಮ ಗುಬ್ಬಿ


ಜೂನ್ ೨೮

ಗುಬ್ಬಿ,

ಒಳ್ಳೇ ಪ್ರಶ್ನೆ ಹಾಕಿದ್ದೀಯ. ಗೊತ್ತಾಗುವುದಿಲ್ಲ ಮಗಳೇ. ನಾನು ನೋಡಿರುತ್ತೇನೆ, ಆದರೆ "ಬಂದೆ ಇರು" ಎಂದು ಕೂಗಿ ಹೇಳುವ ಹಾಗಿಲ್ಲ. ಒಂದು ಮಗ್ಗದ ಹೊಟ್ಟೆಯೊಳಗೆ ಕೈ ಹಾಕಿ ಕೂತಿರುತ್ತೇನೆ, ಅರ್ಧಕ್ಕೆ ಬಿಟ್ಟು ಎದ್ದರೆ ಅದು ಇನ್ನಷ್ಟು ಕೆಡುತ್ತದೆ. ಬಟ್ಟೆ ಕಟ್ಟಿದವರು ಮೇಸ್ತ್ರಿಗೆ ಕಣ್ಣಿಲ್ಲ, ಕರುಣೆಯಿಲ್ಲ ಎಂದು ಶಾಪ ಹಾಕುತ್ತಾ ನಿಂತಿರುತ್ತಾರೆ. ಅವರ ತುಟಿ ನೋಡಿದರೇ ನನಗೆ ತಿಳಿಯುತ್ತದೆ, ಏನೇನು ಬೈಯುತ್ತಿದ್ದಾರೆ ಎಂದು.

ಅದಕ್ಕೇ ನಾವು ಒಂದು ಪದ್ಧತಿ ಇಟ್ಟುಕೊಂಡಿದ್ದೇವೆ. ನಾನು ಬರುವುದು ತಡ ಅನ್ನಿಸಿದರೆ ಡಬ್ಬಿಯಣ್ಣನಿಗೆ ಸನ್ನೆ ಮಾಡುತ್ತೇನೆ. ಅವನು ಎಣ್ಣೆ ಡಬ್ಬಿ ಹಿಡಿದುಕೊಂಡು ಹೋಗಿ ಆ ಮಗ್ಗದ ಪಕ್ಕ ನಿಲ್ಲುತ್ತಾನೆ. ರಿಪೇರಿ ಅವನ ಕೈಲಾಗುವ ಕೆಲಸವಲ್ಲ. ಒಂದು ತಿರುಪು ಬಿಗಿ ಮಾಡಲೂ ಬರುವುದಿಲ್ಲ, ಕೊಟ್ಟರೆ ಉಲ್ಟಾ ತಿರುಗಿಸುತ್ತಾನೆ. ಸುಮ್ಮನೆ ನಿಂತಿರುತ್ತಾನೆ ಅಷ್ಟೇ. ಆದರೆ ಡಬ್ಬಿಯಣ್ಣ ಬಂದು ನಿಂತ ಎಂದರೆ ಮೇಸ್ತ್ರಿಯ ಕಣ್ಣಿಗೆ ಬಟ್ಟೆ ಬಿದ್ದಿದೆ ಎಂದರ್ಥ. ಶೆಡ್ಡಿನವರಿಗೆಲ್ಲ ಇದು ಗೊತ್ತು.

ಒಬ್ಬಳು ಹೊಸಬಳಿಗೆ ಮಾತ್ರ ಗೊತ್ತಿರಲಿಲ್ಲ. ಬಟ್ಟೆ ಕಟ್ಟಿ ಕಾದಳು, ಯಾರೂ ಬರಲಿಲ್ಲವೆಂದು ಸಿಟ್ಟಿನಿಂದ ಬಿಚ್ಚಿ ಜೇಬಿಗೆ ತುರುಕಿಕೊಂಡಳು. ನಾನು ಕೈ ಒರೆಸಿಕೊಂಡು ಎದ್ದು ಅವಳ ಕಡೆಗೇ ಹೊರಟಿದ್ದೆ. ತಲೆಯೆತ್ತಿ ನೋಡಿದರೆ ಬಟ್ಟೆ ಇಲ್ಲ. ಸರಿಹೋಗಿರಬೇಕು ಎಂದುಕೊಂಡು ಮುಂದೆ ಹೋಗಿಬಿಟ್ಟೆ. ಪಾಪ, ಅವತ್ತೆಲ್ಲ ಆ ಮಗ್ಗ ನಿಂತೇ ಇತ್ತು.

ಶಾಲು ಕಳಿಸುತ್ತಿದ್ದೇನೆ, ನಿಮ್ಮಮ್ಮನ ಕೆಂಪು ಶಾಲು. ಇದರ ಕಥೆ ನಿನಗೆ ಹೇಳಿಲ್ಲ ಅನ್ನಿಸುತ್ತದೆ. ನೂಲು ಸುತ್ತುವ ಕೆಲಸಕ್ಕೆ ಸೇರಿದ ಮೊದಲ ದಿನ ಅವಳು ಇದನ್ನೇ ಹೊದ್ದು ಶೆಡ್ಡಿಗೆ ಬಂದಿದ್ದಳು. ಶೆಡ್ಡಿನಲ್ಲಿ ಯಾರೂ ಕೆಂಪು ಉಡುವುದಿಲ್ಲ, ಪಾಪ ಅವಳಿಗೇನು ಗೊತ್ತು. ನಾನು ಅತ್ತ ಮೂಲೆಯಿಂದ ನೋಡಿದವನು ಸ್ಪ್ಯಾನರ್ ಹಿಡಿದು ಓಡಿ ಬಂದೆ. "ಏನ್ ಕೆಟ್ಟಿದೆ?" ಎಂದು ಏದುಸಿರು ಬಿಡುತ್ತಾ ಕೇಳಿದೆ. "ಏನೂ ಕೆಟ್ಟಿಲ್ಲ, ನನಗೆ ಚಳಿ" ಎಂದಳು. ಆಮೇಲೆ ಬೇಕೆಂದೇ ದಿನಾ ಹೊದ್ದುಕೊಂಡು ಬರುತ್ತಿದ್ದಳು ಎನ್ನುವುದು ಡಬ್ಬಿಯಣ್ಣನ ವಾದ. ಮಗು ಹುಟ್ಟಿದ ಕೂಡಲೇ ಇದರಲ್ಲಿ ಸುತ್ತು.

ನಿನ್ನ ಅಪ್ಪ


ಜುಲೈ ೨೨

ಅಪ್ಪ,

ಶಾಲು ಬಂತು. ಚೆನ್ನಾಗಿದೆ. ಇಲ್ಲಿ ಬಿಸಿಲು ಜಾಸ್ತಿ, ಅದಕ್ಕೇ ಬರೆಯಲು ಆಗುತ್ತಿಲ್ಲ. ನೀವು ಹೊತ್ತಿಗೆ ಸರಿಯಾಗಿ ಊಟ ಮಾಡಿ.

ಗುಬ್ಬಿ


ಆಗಸ್ಟ್ ೬

ಗುಬ್ಬಿ,

ಬಿಸಿಲಿಗೆ ಅಷ್ಟೊಂದು ಸುಸ್ತಾಗಿದ್ದೀಯಾ? ಮಗು ಒದೆಯುವುದನ್ನು ಬರೆಯಲೇ ಇಲ್ಲ. ಕಿಟಕಿಗೆ ಒದ್ದೆ ಬಟ್ಟೆ ಹಾಕಿಸಿಕೋ, ತಂಪಾಗುತ್ತದೆ.

ಇಲ್ಲಿ ನನ್ನ ಮಾನ ಹೋಗಿದೆ, ಕೇಳು. ನಾನು ಮನಸ್ಸಿನಲ್ಲೇ ಬೇಡಿಕೊಳ್ಳುತ್ತಿದ್ದೇನೆ ಎಂದುಕೊಂಡಿದ್ದೆ. ಎಲ್ಲೋ ಒಂದಿಷ್ಟು ಪಿಸುಗುಟ್ಟಿರಬಹುದು ಎಂದು ಅನುಮಾನವಿತ್ತು. ಮೊನ್ನೆ ಮಂದಿರದ ಹಿರಿಯರು ಬಂದು ನನ್ನ ಭುಜ ಮುಟ್ಟಿ, ಚೀಟಿಯಲ್ಲಿ ಬರೆದು ತೋರಿಸಿದರು: "ನೀವು ಕೂಗಿ ಹೇಳುತ್ತೀರಿ. ಎಲ್ಲರಿಗೂ ಕೇಳುತ್ತದೆ." ನನಗೆ ನೆಲ ಬಿರಿದು ಒಳಗೆ ಹೋಗಬಾರದೇ ಅನ್ನಿಸಿತು. ನಿನ್ನ ಹೊಲಿಗೆ, ನಿನ್ನ ಸೂಪು, ಅಳಿಯಂದಿರ ಬಸ್ಸು, ಎಲ್ಲವನ್ನೂ ದಿನಾ ಬೆಳಿಗ್ಗೆ ಅಷ್ಟು ಜನರ ಮುಂದೆ ಕಿರುಚಿದ್ದೇನೆ. ಶೆಡ್ಡಿನಲ್ಲಿ ಬಾಳಿದವನ ಪಿಸುಮಾತು ಅಂದರೆ ಅಷ್ಟೇ ತಾನೇ.

ಕ್ಷಮಿಸಿ, ಇನ್ನು ಹಿಂದೆ ಹೋಗಿ ಕೂರುತ್ತೇನೆ ಎಂದೆ. ಅವರು ಚೀಟಿ ತಿರುಗಿಸಿ ಮತ್ತೆ ಬರೆದರು: "ಬೇಡ. ನೀವು ಮುಗಿಸಿದ ಮೇಲೆ ನಾವೆಲ್ಲ ಅದನ್ನೇ ಕೇಳಿಕೊಳ್ಳುತ್ತಿದ್ದೇವೆ." ಗುಬ್ಬಿ, ಇಡೀ ಮಂದಿರ ನಿನ್ನ ಮಗುವಿಗಾಗಿ ಬೇಡುತ್ತಿದೆ. ಒಬ್ಬ ಅಜ್ಜಿ ದಿನಾ ನನ್ನನ್ನು ತಡೆದು, ಕೈಯನ್ನು ಹೊಟ್ಟೆಯ ಮುಂದೆ ದುಂಡಗೆ ಮಾಡಿ, ಹೇಗಿದೆ ಎಂದು ಸನ್ನೆಯಲ್ಲೇ ಕೇಳುತ್ತಾಳೆ. ನಾನು ಹೆಬ್ಬೆರಳು ಎತ್ತಿ ತೋರಿಸುತ್ತೇನೆ.

ಎರಡೇ ಸಾಲಾದರೂ ಬರೆ.

ನಿನ್ನ ಅಪ್ಪ


ಆಗಸ್ಟ್ ೨೫

ಗುಬ್ಬಿ,

ಕಾಗದ ಇಲ್ಲ. ಡಬ್ಬಿಯಣ್ಣನ ಕೈಲಿ ಫೋನ್ ಮಾಡಿಸಿದೆ. ಅಳಿಯಂದಿರು ಎತ್ತಿ, "ಅವಳೇ ಬರೀತಾಳೆ" ಎಂದು ಇಟ್ಟರಂತೆ. ಡಬ್ಬಿಯಣ್ಣ ಅದನ್ನು ಹೇಳುವಾಗ ನನ್ನ ಮುಖ ನೋಡಲಿಲ್ಲ. ಅವನ ತುಟಿ ಓದಲು ನಾನು ಗದ್ದ ಹಿಡಿದು ತಿರುಗಿಸಬೇಕಾಯಿತು.

ಬರೆಯಮ್ಮ.

ಅಪ್ಪ


ಸೆಪ್ಟೆಂಬರ್ ೨

ಅಪ್ಪ,

ಹೆಣ್ಣು ಮಗು. ಜುಲೈಯಲ್ಲೇ ಹುಟ್ಟಿತು, ಇನ್ನೂ ತಿಂಗಳು ತುಂಬಿರಲಿಲ್ಲ. ಬೆಳಿಗ್ಗೆ ಹುಟ್ಟಿದವಳು ಮಧ್ಯಾಹ್ನದವರೆಗೆ ಇದ್ದಳು. ನನ್ನ ಬೆರಳು ಹಿಡಿದುಕೊಂಡಿದ್ದಳು. ಹಿಡಿತ ಬಿಟ್ಟದ್ದು ನನಗೆ ಗೊತ್ತಾಗಲಿಲ್ಲ, ನರ್ಸ್ ಹೇಳಿದ ಮೇಲೆ ಗೊತ್ತಾಯಿತು.

ಆಸ್ಪತ್ರೆಯಿಂದ ಮನೆಗೆ ಬಂದ ದಿನವೇ ನಿಮ್ಮ ಪಾರ್ಸೆಲ್ ಬಾಗಿಲ ಹತ್ತಿರ ಇತ್ತು. ಸುತ್ತಲು ಶಾಲು ಬಂತು, ಸುತ್ತಿಸಿಕೊಳ್ಳುವವಳು ಇರಲಿಲ್ಲ. ಅದಕ್ಕೇ ಚೆನ್ನಾಗಿದೆ ಎಂದಷ್ಟೇ ಬರೆದೆ. ಹೇಗೆ ಬರೆಯಲಿ? ಬರೆದರೆ ನೀವು ಆ ಕಂಬದ ಪಕ್ಕದಿಂದ ಎದ್ದು ಹೋಗಿಬಿಡುತ್ತೀರಿ ಅನ್ನಿಸಿತು. ಎಲ್ಲೋ ಒಂದು ಕಡೆ ನನ್ನ ಮಗುವಿಗೋಸ್ಕರ ಯಾರೋ ಕೇಳುತ್ತಿದ್ದಾರೆ ಅಂದರೆ ಅವಳು ಇನ್ನೂ ಇದ್ದ ಹಾಗೇ ಇತ್ತು.

ಆಮೇಲೆ ನಿಮ್ಮ ಆ ಕಾಗದ ಬಂತು, ಇಡೀ ಮಂದಿರ ಬೇಡುತ್ತಿದೆ ಎಂದು. ಅದನ್ನು ಓದಿ ನನಗೆ ಹುಚ್ಚು ಹಿಡಿಯುವುದೊಂದು ಬಾಕಿ. ಅಷ್ಟು ಜನ ಸೇರಿ ಯಾರಿಗೋಸ್ಕರ ಬೇಡುತ್ತಿದ್ದರು ಅಪ್ಪ? ಮಣ್ಣಾದವಳಿಗೋಸ್ಕರವಾ? ಅವನಿಗೆ ಗೊತ್ತಿತ್ತಲ್ಲ. ಕೇಳುತ್ತಾ ಸುಮ್ಮನೆ ಕೂತಿದ್ದನಲ್ಲ. ಪ್ರೀತಿ ಇರುವವರು ಹಾಗೆ ಮಾಡುತ್ತಾರಾ? ನೀವಾಗಿದ್ದರೆ ಮಾಡುತ್ತಿದ್ದಿರಾ?

ಇವರು ಕೆಲಸ ಮುಗಿದ ಮೇಲೂ ಡಿಪೋದಲ್ಲಿ ಖಾಲಿ ಬಸ್ಸಿನೊಳಗೆ ಕೂತಿರುತ್ತಾರಂತೆ. ಕಿಟಕಿಯ ಕೆಳಗೆ ಹೋಗುವಾಗ ಈಗ ತಲೆಯೆತ್ತುವುದಿಲ್ಲ. ಬಸ್ಸಿನಲ್ಲಿರುವವರು ಎತ್ತುತ್ತಾರೆ, ಅಭ್ಯಾಸಬಲ. ಅದಕ್ಕೇ ಮಂಚವನ್ನು ಆಚೆ ಸರಿಸಿದೆ.

ನಾನು ಆ ಕೆಂಪು ಬಟ್ಟೆ ಬಿಚ್ಚಿಬಿಟ್ಟಿದ್ದೇನೆ. ನಿಮ್ಮ ಮಗ್ಗದ ಕಥೆ ಹೇಳಿ ನನ್ನನ್ನು ಸಮಾಧಾನ ಮಾಡಬೇಡಿ. ಬರಲೂ ಬೇಡಿ. ನಿಮ್ಮ ಮುಖ ನೋಡಿದರೆ ನನಗೆ ತಡೆಯಲಾಗುವುದಿಲ್ಲ.

ಗುಬ್ಬಿ


ಸೆಪ್ಟೆಂಬರ್ ೧೦

ನನ್ನ ಕಂದಾ,

ಸಮಾಧಾನ ಹೇಳುವುದಿಲ್ಲ. ನನ್ನ ಹತ್ತಿರ ಇದ್ದರಲ್ಲವೇ ಹೇಳುವುದು. ನಿನ್ನ ಮಗು ಮಗ್ಗವಲ್ಲ, ಇನ್ನೊಂದು ಕಡೆ ಕೆಲಸವಿತ್ತು, ತಡವಾಯಿತು ಎನ್ನಲು. ಆ ಮಾತನ್ನು ಯಾರಾದರೂ ನನ್ನ ಮುಂದೆ ಆಡಿದರೆ ನಾನೇ ಎದ್ದು ಹೋಗುತ್ತೇನೆ.

ನೀವಾಗಿದ್ದರೆ ಮಾಡುತ್ತಿದ್ದಿರಾ ಎಂದು ಕೇಳಿದ್ದೀಯ. ಮಾಡುತ್ತಿರಲಿಲ್ಲ. ಓಡಿ ಬರುತ್ತಿದ್ದೆ. ಇದನ್ನೇ ಅವನಿಗೂ ಹೇಳಿದೆ. ನಿನ್ನ ಕಾಗದ ಓದಿದ ಮರುದಿನ ಮಂದಿರಕ್ಕೆ ಹೋಗಬಾರದು ಎಂದುಕೊಂಡಿದ್ದೆ. ಕಾಲು ತಾನಾಗಿ ಹೋಯಿತು. ಕಂಬದ ಪಕ್ಕ ಕೂತು ಬಾಯಿಗೆ ಬಂದ ಹಾಗೆ ಬೈದೆ. ನನಗಿಂತ ನಿನಗೆ ಕಿವುಡು ಜಾಸ್ತಿ ಎಂದೆ. ನನ್ನ ಮೊಮ್ಮಗಳಿಗೆ ಒಂದು ಸಾಯಂಕಾಲವನ್ನೂ ಕೊಡಲಿಲ್ಲವಲ್ಲೋ ಎಂದೆ. ಕೂಗಿಯೇ ಹೇಳಿರಬೇಕು, ಎಲ್ಲರೂ ತಿರುಗಿ ನೋಡುತ್ತಿದ್ದರು. ಯಾರೂ ನನ್ನನ್ನು ಹೊರಗೆ ಕಳಿಸಲಿಲ್ಲ. ಆ ಅಜ್ಜಿ ಬಂದು ಪಕ್ಕದಲ್ಲಿ ಕೂತಳು. ಕೈಸನ್ನೆಯನ್ನೂ ಮಾಡಲಿಲ್ಲ, ಅತ್ತಳು.

ನಿನ್ನ ಎರಡನೆಯದು ಹೋದಾಗ ನಿಮ್ಮಮ್ಮನನ್ನು ನಾನು ಕೆಣಕಿದ್ದೆ. ಎಲ್ಲಿ ಹೋದ ನಿನ್ನ ದೇವರು ಎಂದು. ಅವಳು ಬಟ್ಟೆ ಮಡಚುತ್ತಿದ್ದಳು, ನಿಲ್ಲಿಸಲಿಲ್ಲ. "ಅವನಿಗೆ ನಮ್ಮ ಮೇಲೆ ಪ್ರೀತಿ ಇದೆ ಅನ್ನೋದು ನನಗೆ ಗೊತ್ತು. ಯಾಕೆ ಹೀಗೆ ಮಾಡ್ದ ಅನ್ನೋದು ಗೊತ್ತಿಲ್ಲ. ಎರಡನ್ನೂ ಮಡಿಲಲ್ಲಿ ಇಟ್ಕೊಂಡೇ ಕೂತಿದೀನಿ. ಒಂದನ್ನ ಎತ್ತಿ ಬಿಸಾಕೋಕೆ ನನ್ನಿಂದ ಆಗಲ್ಲ" ಎಂದಳು. ಅವಳ ತುಟಿ ಹೇಗೆ ಆಡಿತು ಎನ್ನುವುದು ಈಗಲೂ ಕಣ್ಣ ಮುಂದಿದೆ. ನನಗೆ ಅಷ್ಟು ಗಟ್ಟಿತನ ಇಲ್ಲ. ಆದರೆ ಅವಳು ಸುಳ್ಳು ಹೇಳುವವಳಲ್ಲ ಎನ್ನುವುದೊಂದನ್ನು ಹಿಡಿದುಕೊಂಡು ಕೂತಿದ್ದೇನೆ.

ನೀನು ಆ ಕೆಂಪು ಬಟ್ಟೆ ಬಿಚ್ಚಿದ್ದರೆ ಬಿಚ್ಚಿರಲಿ. ನಿನ್ನ ಮೇಲೆ ನನಗೆ ಕೋಪವಿಲ್ಲ. ನಾನು ಇನ್ನೂ ಬಿಚ್ಚಿಲ್ಲ. ಈಗ ಮಗುವಿಗೋಸ್ಕರ ಅಲ್ಲ, ನಿನಗೋಸ್ಕರ.

ಬರಬೇಡ ಎಂದಿದ್ದೀಯ, ಬರುವುದಿಲ್ಲ. ಅಳಿಯಂದಿರಿಗೆ ಹೇಳು, ಖಾಲಿ ಬಸ್ಸಿನಲ್ಲಿ ಕೂರುವುದಾದರೆ ನಿನ್ನನ್ನೂ ಕರೆದುಕೊಂಡು ಹೋಗಿ ಕೂರಿಸಿಕೊಳ್ಳಲಿ.

ನಿನ್ನ ಅಪ್ಪ


ಅಕ್ಟೋಬರ್ ೩

ಅಪ್ಪ,

ನಿಮ್ಮ ಮಾತನ್ನು ಇವರಿಗೆ ಓದಿ ಹೇಳಿದೆ. ಭಾನುವಾರ, "ಬರ್ತೀಯಾ?" ಎಂದರು. ಡಿಪೋದಲ್ಲಿ ಬಸ್ಸಿನ ಕೊನೇ ಸೀಟಿನಲ್ಲಿ ಇಬ್ಬರೂ ಕೂತಿದ್ದೆವು. ಇವರು ಅಳುವುದನ್ನು ಮೊದಲ ಸಲ ನೋಡಿದೆ. ಬಸ್ಸು ತೊಳೆಯುವವನು ಬಂದು ನಮ್ಮನ್ನು ನೋಡಿ, ಬಕೆಟ್ ಅಲ್ಲೇ ಇಟ್ಟು ವಾಪಸ್ ಹೋದ.

ಅಂಗಡಿಗೆ ಹೋಗುತ್ತಿದ್ದೇನೆ. ಗಾಜು ಉಜ್ಜುವಾಗ ಬೇರೆ ಯೋಚನೆ ಬರುವುದಿಲ್ಲ, ಬಂದರೆ ಅಂಚು ಒಡೆಯುತ್ತದೆ. ನಿನ್ನೆ ಪರಿಚಯದ ಒಬ್ಬ ಹೆಂಗಸು ಕನ್ನಡಕ ಕೊಳ್ಳಲು ಬಂದವರು, "ಮಗು ಹೇಗಿದೆ?" ಎಂದರು. ಹೇಳಿದೆ. ಅವರು ಗಾಬರಿಯಾಗಿ ತಮ್ಮ ಹಳೇ ಕನ್ನಡಕವನ್ನೂ ಮೇಜಿನ ಮೇಲೇ ಬಿಟ್ಟು ಹೊರಟೇಹೋದರು. ಆಮೇಲೆ ತಡವರಿಸಿಕೊಂಡು ಬಂದರು, ದಾರಿ ಕಾಣುತ್ತಿಲ್ಲ ಎಂದು. ನನಗೆ ನಗು ಬಂತು ಅಪ್ಪ. ಅವರ ಮುಂದೆಯೇ ನಕ್ಕೆ. ನಗುತ್ತಾ ನಗುತ್ತಾ ಅಳು ಶುರುವಾಯಿತು, ನಿಲ್ಲಲಿಲ್ಲ. ಯಜಮಾನರು ಮನೆಗೆ ಕಳಿಸಿದರು.

ಮನೆಗೆ ಬಂದು ಆ ಪಾರ್ಸೆಲ್ ತೆಗೆದೆ. ಅಟ್ಟದ ಮೇಲೆ ಕಾಣದ ಹಾಗೆ ಎತ್ತಿಡಬೇಕು ಎಂದೇ ತೆಗೆದದ್ದು. ಬಿಚ್ಚಿದರೆ ಅದೇ ಹತ್ತಿಯ ದೂಳಿನ ವಾಸನೆ, ಅಮ್ಮ ಕೆಲಸದಿಂದ ಬಂದು ನನ್ನನ್ನು ಎತ್ತಿಕೊಳ್ಳುವಾಗ ಬರುತ್ತಿತ್ತಲ್ಲ, ಅದೇ. ಅಮ್ಮನ ಹಾಗೆ ಎರಡನ್ನೂ ಇಟ್ಟುಕೊಂಡು ಕೂರಲು ನನಗೆ ಬರುವುದಿಲ್ಲ. ನನ್ನ ಮಡಿಲಲ್ಲಿ ಈಗ ಒಂದೇ ಇದೆ, ಯಾಕೆ ಎನ್ನುವುದು. ಆದರೂ ಶಾಲನ್ನು ಅಟ್ಟಕ್ಕೆ ಹಾಕಲು ಕೈ ಬರಲಿಲ್ಲ. ಕಿಟಕಿಯ ಸರಳಿಗೆ ಕಟ್ಟಿದೆ. ಪ್ರಾರ್ಥನೆ ಅಂತ ಏನೂ ಮಾಡಲಿಲ್ಲ. ಕಟ್ಟಿ ಪಕ್ಕದಲ್ಲಿ ನಿಂತಿದ್ದೆ, ಅಷ್ಟೇ.

ಸಾಯಂಕಾಲ ಇವರ ಬಸ್ಸು ತಿರುವಿನಲ್ಲಿ ನಿಧಾನವಾಯಿತು.

ಇದನ್ನು ನಿಮ್ಮನ್ನು ಕರೆಯಲು ಕಟ್ಟಿದ್ದಲ್ಲ. ತಪ್ಪು ತಿಳಿದುಕೊಂಡು ರಜ ಹಾಕಿ ಓಡಿ ಬರಬೇಡಿ. ಯಾರಿಗೆ ಕಟ್ಟಿದ್ದೀಯ ಎಂದರೆ ನನಗೆ ಹೇಳಲು ಬರುವುದಿಲ್ಲ. ಅವನು ನೋಡುತ್ತಾನೆ ಎನ್ನುವ ನಂಬಿಕೆಯೂ ಇಲ್ಲ. ಕಟ್ಟಿದೆ, ಬಿಚ್ಚಿಲ್ಲ. ಅದನ್ನು ನಿಮಗೆ ಹೇಳಬೇಕು ಅನ್ನಿಸಿತು.

ನಿಮ್ಮ ಗುಬ್ಬಿ


ಅಕ್ಟೋಬರ್ ೯
ನಿನ್ನ ಅಡುಗೆಮನೆಯ ಮೇಜಿನಿಂದ

ಗುಬ್ಬಿ,

ರಜ ಹಾಕಿ ಓಡಿ ಬಂದಿದ್ದೇನೆ. ಬೈಯುವುದನ್ನು ನಿಧಾನವಾಗಿ ಬೈ, ತುಟಿ ಓದಬೇಕಲ್ಲ.

ಅಳಿಯಂದಿರು ನಿಲ್ದಾಣದಿಂದ ತಮ್ಮ ಬಸ್ಸಿನಲ್ಲೇ ಕೂರಿಸಿಕೊಂಡು ಬಂದು, ಬೀಗದ ಕೈ ಕೊಟ್ಟು, ತಿರುವಿನಲ್ಲಿ ಇಳಿಸಿದರು. ಬೆರಳೆತ್ತಿ ಮೇಲೆ ತೋರಿಸಿದರು. ರಸ್ತೆಯಲ್ಲಿ ನಿಂತು ನೋಡಿದೆ. ಅಷ್ಟು ದೂರದಿಂದಲೇ ಕಂಡಿತು ಮಗಳೇ. ಹಳೆಯ ಅಭ್ಯಾಸ, ಕೈ ತಾನಾಗಿ ಜೇಬಿನಲ್ಲಿ ಸ್ಪ್ಯಾನರ್ ಹುಡುಕಿತು.

ನೀನು ಅಂಗಡಿಯಿಂದ ಬರುವುದು ಇನ್ನೂ ತಡವಂತೆ. ಟೀಚರಮ್ಮ ಸೂಪು ಕೊಟ್ಟರು, ಕುಡಿದೆ. ನಿಮ್ಮ ನಲ್ಲಿ ಸೋರುತ್ತಿತ್ತು, ಬಿಗಿ ಮಾಡಿದೆ. ಬೇರೆ ಏನನ್ನೂ ರಿಪೇರಿ ಮಾಡಲು ನಾನು ಬಂದಿಲ್ಲ. ನಿನ್ನ ಪ್ರಶ್ನೆಗೆ ಉತ್ತರವನ್ನೂ ತಂದಿಲ್ಲ. ಬರುವಾಗ ಮಂದಿರದಲ್ಲಿ ಒಂದೇ ಮಾತು ಹೇಳಿ ಬಂದೆ: ಅವಳು ಕಟ್ಟಿದ್ದಾಳೆ, ನೋಡಿದೆಯಾ? ಯಾವ ಸದ್ದೂ ನನಗೆ ಕೇಳಲಿಲ್ಲ. ಆದರೆ ಅಲ್ಲಿ ಕೂತಿರಲು ಆಗಲಿಲ್ಲ, ಎದ್ದು ನೇರ ಬಸ್ಸು ಹತ್ತಿದೆ.

ಅದಕ್ಕೇ ನಿನಗೊಂದು ಮಾತು, ಒಳಗೆ ಬಂದು ನನ್ನ ಮುಖ ನೋಡುವ ಮುಂಚೆಯೇ ಓದಿಕೊಳ್ಳಲಿ ಎಂದು ಬರೆದಿಡುತ್ತಿದ್ದೇನೆ. ಅಪ್ಪ ಬಂದನಲ್ಲ ಎಂದು ಶಾಲು ಬಿಚ್ಚಬೇಡ. ನೀನು ಅದನ್ನು ಕಟ್ಟಿದ್ದು ನನಗಲ್ಲ. ಈ ಮನೆಯಲ್ಲಿ ನಾನು ಮೇಸ್ತ್ರಿ ಅಲ್ಲ.

ಕಿಟಕಿಯ ಪಕ್ಕ ಕುರ್ಚಿ ಹಾಕಿಕೊಂಡು ಕೂತಿರುತ್ತೇನೆ.

ನಿನ್ನ ಡಬ್ಬಿಯಣ್ಣ